ಹೊಳೆಯ ಪಾಸ್‌ಬುಕ್



ನಮ್ಮ ಗಲಗಲಿ ಇರುವುದು ಕೃಷ್ಣೆಯ ದಂಡೆಯ ಮೇಲೆ. ಇಲ್ಲಿ ಒಂದು ಹನಿ ಮಳೆ ಬೀಳದ ದಿನವೂ ಹೊಳೆ ಏರುವುದುಂಟು. ಮಳೆ ಬಿದ್ದದ್ದು ಮಹಾರಾಷ್ಟ್ರದ ಮಹಾಬಳೇಶ್ವರದ ಬೆಟ್ಟಗಳಲ್ಲಿ, ಕೊಯ್ನಾ ಕಣಿವೆಯಲ್ಲಿ. ಕೊಯ್ನೆ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಆ ನೀರು ಸಾಂಗಲಿ ದಾಟಿ ನಮ್ಮೂರಿಗೆ ಬರುತ್ತದೆ. ಹೀಗೆ ಮಳೆನೀರು ಹರಿದು ಒಂದೇ ಹೊಳೆ ಸೇರುವ ನೆಲಕ್ಕೆಲ್ಲ ಜಲಾನಯನ ಪ್ರದೇಶ ಎನ್ನುತ್ತಾರೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ. ಕಂಪ್ಯೂಟರ್ ಬರುವ ಮೊದಲು, ಬೇರೆ ಊರಿನ ಶಾಖೆಯ ಅಡ್ವೈಸ್ ಚೀಟಿ ಅಂಚೆಯಲ್ಲಿ ಬರುವವರೆಗೆ ನಮ್ಮ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಹೊಳೆಯ ಲೆಕ್ಕವೂ ಹಾಗೆಯೇ. ಮೇಲಿನ ಊರಿನ ಅಂಕಿ ಕೆಳಗಿನ ಊರಿಗೆ ತಿಳಿಯಬೇಕು. ಈಗ ಕೇಂದ್ರ ಸರ್ಕಾರದ ‘ಇಂಡಿಯಾ-ಡಬ್ಲ್ಯೂಆರ್‌ಐಎಸ್’ ಜಾಲತಾಣದಲ್ಲಿ ಮಳೆ, ನದಿಯ ಮಟ್ಟ, ಜಲಾಶಯದ ಸಂಗ್ರಹ, ನೀರಿನ ಗುಣಮಟ್ಟ ಎಲ್ಲವೂ ಸಿಗುತ್ತವೆ. ಕೇಂದ್ರ ಜಲ ಆಯೋಗದ ತಾಣದಲ್ಲಿ ಪ್ರವಾಹದ ಮುನ್ಸೂಚನೆಯೂ ಇರುತ್ತದೆ.

2019ರ ಆಗಸ್ಟ್‌ನಲ್ಲಿ ದೊಡ್ಡ ಪ್ರವಾಹ ಬಂತು. ಮೇಲಿನ ಅಂಕಿಗಳು ಏರುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ‘ಎಲ್ಲಾರಿಗೂ ಗೊತ್ತಿರ್ತದ’ ಎಂದುಕೊಂಡು ಸುಮ್ಮನಾದೆ. ನಮ್ಮ ಓಣಿಯ ರೈತನೊಬ್ಬನ ಪಂಪ್‌ಸೆಟ್ ಹೊಳೆದಂಡೆಯಲ್ಲೇ ಇತ್ತು. ಮುಳುಗಿಹೋಯಿತು.

“ನಿಮಗ ಗೊತ್ತಿತ್ತಂದ್ರ ಒಂದು ಮಾತು ಹೇಳಬಾರದಿತ್ತೇನ್ರಿ ಕಾಕಾ?” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಮಳೆಗಾಲಕ್ಕೆ ಮನೆಯ ಕಟ್ಟೆಯ ಮೇಲೆ ಒಂದು ಕರಿಹಲಗೆ ತೂಗುಹಾಕಿದೆ. ದಿನಾ ಬೆಳಿಗ್ಗೆ ನಾನು ಅಂಕಿ ಓದುತ್ತೇನೆ, ಮೊಮ್ಮಗಳು ಬರೆಯುತ್ತಾಳೆ.

“ಮುತ್ಯಾ, ಮಾಡೆಲ್ ಅಂದ್ರ ಏನು?” ಎಂದು ಒಂದು ದಿನ ಕೇಳಿದಳು.

“ಇವತ್ತಿನ ಪಾಸ್‌ಬುಕ್ ನೋಡಿ ನಾಳಿನ ಬಾಕಿ ಅಂದಾಜು ಮಾಡೋದು, ಮಗಾ” ಎಂದೆ.

ನೀವೂ ಮಾಡಿ ನೋಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ನೀರು ದಿನವಿಡೀ ಹರಿದರೆ 864 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ, ಅಂದರೆ 8.64 ಟಿಎಂಸಿ.

ಕೊಳೆಯ ಲೆಕ್ಕವೂ ಇದೇ ಬಗೆಯದು. ಒಂದು ಚಮಚ ಉಪ್ಪನ್ನು ಕೊಡಕ್ಕೆ ಹಾಕಿದರೆ ಅಷ್ಟಾಗಿ ತಿಳಿಯದು. ಲೋಟಕ್ಕೆ ಹಾಕಿದರೆ ಕುಡಿಯಲಾಗದು. ಬೇಸಿಗೆಯಲ್ಲಿ ಹೊಳೆಯೇ ಲೋಟವಾಗುತ್ತದೆ. ಗಟಾರದ ನೀರು, ಕಬ್ಬಿನ ಹೊಲದ ಗೊಬ್ಬರ ಎಷ್ಟು ಸೇರಿತು, ಹೊಳೆಯಲ್ಲಿ ನೀರೆಷ್ಟಿದೆ ಎಂಬುದು ತಿಳಿದರೆ ಕೆಳಗಿನ ಊರಿಗೆ ಎಂಥ ನೀರು ಬಂದೀತೆಂದು ಅಂದಾಜಿಸಬಹುದು. ಗುಣಮಟ್ಟದ ಮಾಡೆಲ್‌ನ ಮೂಲ ಇಷ್ಟೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ.

ಹೋದ ಮಳೆಗಾಲದಲ್ಲಿ ಅದೇ ರೈತ ಹಲಗೆಯ ಮುಂದೆ ಸೈಕಲ್ ನಿಲ್ಲಿಸಿ ಓದಿದ. ಏನೂ ಮಾತಾಡಲಿಲ್ಲ. ಸಂಜೆಯೊಳಗೆ ಅವನ ಪಂಪ್‌ಸೆಟ್ ಮನೆಯಂಗಳದಲ್ಲಿತ್ತು.

ಈ ವಾರದ ಲೆಕ್ಕ: ನಮ್ಮ ಕೆಳಗಿನ ಆಲಮಟ್ಟಿ ಜಲಾಶಯ ತುಂಬಿದರೆ ಸುಮಾರು 123 ಟಿಎಂಸಿ. ಅದು ಬರಿದಾಗಿದೆ, ನೀರು ಹೊರಗೆ ಬಿಟ್ಟಿಲ್ಲ ಎಂದುಕೊಳ್ಳಿ. ದಿನಾ 50,000 ಕ್ಯೂಸೆಕ್ ಬಂದರೆ ತುಂಬಲು ಎಷ್ಟು ದಿನ? ಉತ್ತರ ಸಿಕ್ಕ ಮೇಲೆ ಮೊಬೈಲ್ ಇಲ್ಲದ ಒಬ್ಬರಿಗೆ ಹೇಳಿ.