ಜಿನೀವಾದಲ್ಲಿ ಒಂದು ಮಾತು, ದೆಹಲಿಯಲ್ಲಿ ಇನ್ನೊಂದು

ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರವೊಂದು ಯಾರ ಹಿತವನ್ನು ಮೊದಲು ಕಾಯುತ್ತದೆ ಎಂಬುದು ಅದರ ಭಾಷಣಗಳಿಂದ ತಿಳಿಯುವುದಿಲ್ಲ. ಅದು ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರಗಳನ್ನೂ ಅನ್ಯದೇಶಗಳೊಂದಿಗೆ ಸಹಿ ಹಾಕುವ ಒಪ್ಪಂದಗಳನ್ನೂ ಎದುರುಬದುರಾಗಿಟ್ಟು ಓದಬೇಕಾಗುತ್ತದೆ. ಕೋವಿಡ್‌ನ ಎರಡನೇ ಅಲೆಯ ವೇಳೆ ಔಷಧ ಪೇಟೆಂಟುಗಳ ಬಗ್ಗೆ ಕೇಂದ್ರ ಸರ್ಕಾರ ಜಿನೀವಾದಲ್ಲಿ ಆಡಿದ ಮಾತಿಗೂ ದೆಹಲಿಯಲ್ಲಿ ಆಡಿದ ಮಾತಿಗೂ ತಾಳಮೇಳವಿರಲಿಲ್ಲ. ಆ ಅಪ್ರಾಮಾಣಿಕತೆಗೆ ಇಂದಿಗೂ ಯಾರೂ ಉತ್ತರ ಕೊಟ್ಟಿಲ್ಲ ಮಾತ್ರವಲ್ಲ, 2025ರ ವ್ಯಾಪಾರ ಒಪ್ಪಂದವೊಂದರಲ್ಲಿ ಅದಕ್ಕೆ ಮೊಹರು ಕೂಡ ಬಿದ್ದಿದೆ.

2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಒಟ್ಟಾಗಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಂದು ಪ್ರಸ್ತಾವವಿಟ್ಟವು. ಸದಸ್ಯ ದೇಶಗಳು ಔಷಧಗಳಿಗೆ ಇಪ್ಪತ್ತು ವರ್ಷಗಳ ಪೇಟೆಂಟ್ ರಕ್ಷಣೆ ಕೊಡಬೇಕೆಂದು ಕಟ್ಟುಮಾಡಿರುವ ಟ್ರಿಪ್ಸ್ ಒಪ್ಪಂದದ ಕೆಲವು ನಿಯಮಗಳನ್ನು ಕೋವಿಡ್ ಲಸಿಕೆ, ಔಷಧ ಮತ್ತು ಪರೀಕ್ಷಾ ಸಾಧನಗಳ ಮಟ್ಟಿಗೆ ತಾತ್ಕಾಲಿಕವಾಗಿ ಸಡಿಲಿಸಬೇಕೆಂಬುದು ಅದರ ತಿರುಳು. ಬ್ರಿಟನ್, ಸ್ವಿಟ್ಜರ್ಲೆಂಡ್ ಮತ್ತು ಐರೋಪ್ಯ ಒಕ್ಕೂಟ ಇದನ್ನು ವಿರೋಧಿಸಿದವು. ಬಡ ರಾಷ್ಟ್ರಗಳ ಪರವಾಗಿ ಭಾರತ ದನಿಯೆತ್ತಿದ್ದು ಮೆಚ್ಚಬೇಕಾದ ಕೆಲಸವೇ; ಆದರೆ ಹೊರಗೆ ಕೇಳಿದ ಸಡಿಲಿಕೆಯಷ್ಟು ಅಧಿಕಾರ ಒಳಗಿನ ಕಾನೂನಿನಲ್ಲೇ ಇತ್ತೆಂಬುದನ್ನು ಮರೆಯುವಂತಿಲ್ಲ. 1970ರ ಪೇಟೆಂಟ್ ಕಾಯ್ದೆಯ 92ನೇ ಕಲಮು ರಾಷ್ಟ್ರೀಯ ತುರ್ತಿನ ಸಂದರ್ಭದಲ್ಲಿ ಕಡ್ಡಾಯ ಪರವಾನಗಿಗೆ, ಅಂದರೆ ಪೇಟೆಂಟ್ ಹೊಂದಿದ ಕಂಪನಿಯ ಒಪ್ಪಿಗೆಯಿಲ್ಲದೆಯೇ ಅದಕ್ಕೆ ರಾಯಧನ ಕೊಡಿಸಿ ಬೇರೊಬ್ಬರಿಂದ ಔಷಧ ತಯಾರಿಸಲು, ದಾರಿ ಮಾಡಿಕೊಡುತ್ತದೆ. 100ನೇ ಕಲಮು ಸರ್ಕಾರವೇ ಪೇಟೆಂಟನ್ನು ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ಇವು ಬಳಸದೆ ತುಕ್ಕು ಹಿಡಿದ ಅಧಿಕಾರಗಳೆಂದು ಯಾರೂ ಹೇಳುವಂತಿಲ್ಲ, ಏಕೆಂದರೆ 2012ರ ಮಾರ್ಚ್‌ನಲ್ಲಿ ಇದೇ ಕಾಯ್ದೆಯ ಇನ್ನೊಂದು ಕಲಮಿನಡಿ ಕ್ಯಾನ್ಸರ್ ಔಷಧವಾದ ನೆಕ್ಸಾವರ್‌ಗೆ ಕಡ್ಡಾಯ ಪರವಾನಗಿ ಕೊಟ್ಟಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೀಳುತ್ತಿದ್ದ ಮಾತ್ರೆಗಳು 8,880 ರೂಪಾಯಿಗೆ ಇಳಿದಿದ್ದವು.

2021ರ ಮೇ ತಿಂಗಳ ಮೊದಲ ವಾರವನ್ನು ದಿನ ದಿನವಾಗಿ ಬಿಡಿಸಿ ನೋಡಿದರೆ ಈ ಇಬ್ಬಗೆತನ ನಿಚ್ಚಳವಾಗುತ್ತದೆ. ಮೊದಲಿಗೆ ಆಮ್ಲಜನಕದ ಕತೆ. ಬಳ್ಳಾರಿಯ ಕಡೆಯಿಂದ ಬಂದು ಚಿತ್ರದುರ್ಗ ಜಿಲ್ಲೆಯಲ್ಲಿ ಮೊಳಕಾಲ್ಮುರು ತಾಲ್ಲೂಕಿನ ರಾಂಪುರ, ಹಾನಗಲ್‌ಗಳನ್ನೂ ನಾಯಕನಹಟ್ಟಿಯ ಪೂರ್ವಕ್ಕಿರುವ ತಳಕನ್ನೂ ಹಾದು, ಚಳ್ಳಕೆರೆ, ಹಿರಿಯೂರು, ಮೈಸೂರುಗಳನ್ನು ದಾಟಿ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಚಾಮರಾಜನಗರದಲ್ಲಿ ಮುಗಿಯುತ್ತದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ರಾಜ್ಯದ ದ್ರವರೂಪದ ಆಮ್ಲಜನಕದ ದೊಡ್ಡ ಮೂಲಗಳಲ್ಲೊಂದಾಗಿತ್ತು. ಹೆದ್ದಾರಿಯ ಇನ್ನೊಂದು ತುದಿಯಾದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2ರ ರಾತ್ರಿ ಮತ್ತು 3ರ ಬೆಳಗಿನ ನಡುವೆ ರೋಗಿಗಳು ಸಾಲುಸಾಲಾಗಿ ಅಸುನೀಗಿದರು. ಸತ್ತವರು 24 ಮಂದಿಯೆಂದು ಲೆಕ್ಕವಾದರೂ ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಅಂದಿನ ಆರೋಗ್ಯ ಸಚಿವ ಕೆ. ಸುಧಾಕರ್ ಹೇಳಿದರು, ಹೈಕೋರ್ಟ್ ನೇಮಿಸಿದ ಸಮಿತಿ ಮಾತ್ರ ಆಮ್ಲಜನಕದ ಕೊರತೆಯತ್ತಲೇ ಬೊಟ್ಟು ಮಾಡಿತು. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ದೈನಂದಿನ ಆಮ್ಲಜನಕದ ಪಾಲನ್ನು 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಮಾಡಿದ್ದೇನೆಂದರೆ, ಆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದು. ಸುಪ್ರೀಂ ಕೋರ್ಟ್ 7ರಂದು ಮಧ್ಯಪ್ರವೇಶಿಸಲು ನಿರಾಕರಿಸಿತು.

ಕಾಕತಾಳೀಯವೆಂಬಂತೆ ಅದೇ ಮೇ 5ರಂದು ಅಮೆರಿಕ ಲಸಿಕೆಗಳ ಮಟ್ಟಿಗೆ ಪೇಟೆಂಟ್ ಸಡಿಲಿಕೆಯನ್ನು ಬೆಂಬಲಿಸುವುದಾಗಿ ಘೋಷಿಸಿತು, ಭಾರತ ಅದನ್ನು ಸ್ವಾಗತಿಸಿತು. ನಾಲ್ಕು ದಿನ ಕಳೆದು ಮೇ 9ರಂದು, ಕಡ್ಡಾಯ ಪರವಾನಗಿಯ ಅಧಿಕಾರವನ್ನು ಏಕೆ ಬಳಸಬಾರದೆಂದು ಕೇಳಿದ್ದ ಸುಪ್ರೀಂ ಕೋರ್ಟಿಗೆ ಅದೇ ಸರ್ಕಾರ ಪ್ರಮಾಣಪತ್ರ ಸಲ್ಲಿಸಿ, ಪೇಟೆಂಟ್ ಕಾಯ್ದೆಯ ಅಧಿಕಾರಗಳನ್ನು ಈ ಹಂತದಲ್ಲಿ ಚಲಾಯಿಸುವುದು ತಿರುಗುಬಾಣವಾದೀತೆಂದು ವಾದಿಸಿತು. ನಿಜವಾದ ತೊಡಕಿರುವುದು ಕಚ್ಚಾವಸ್ತುಗಳ ಲಭ್ಯತೆಯಲ್ಲಿ, ರಾಜತಾಂತ್ರಿಕ ಮಾತುಕತೆಯಿಂದಲೇ ಅದು ಬಗೆಹರಿಯಬೇಕು ಎಂಬುದು ಅದು ಕೊಟ್ಟ ಕಾರಣ. ಕಚ್ಚಾವಸ್ತುಗಳ ಕೊರತೆ ಸುಳ್ಳಲ್ಲ. ಆದರೆ ಕೊರತೆ ಇರುವುದು ಕಚ್ಚಾವಸ್ತುವಿನಲ್ಲೇ ಹೊರತು ಪೇಟೆಂಟಿನಲ್ಲಲ್ಲ ಎಂದಾದರೆ ಜಿನೀವಾದ ಪ್ರಸ್ತಾವದ ಬುಡವೇ ಕುಸಿಯುತ್ತದೆ. ಪೇಟೆಂಟೂ ಅಡ್ಡಿಯೇ ಎಂದಾದರೆ ಪ್ರಮಾಣಪತ್ರದ ವಾದ ನಿಲ್ಲುವುದಿಲ್ಲ. ಎರಡನ್ನೂ ಏಕಕಾಲಕ್ಕೆ ನಂಬಬೇಕೆಂದು ಜನರಿಂದ ಅಪೇಕ್ಷಿಸುವುದನ್ನು ರಾಜತಾಂತ್ರಿಕ ಜಾಣ್ಮೆ ಎನ್ನುವವರು ಇದ್ದಾರೆ, ಎನ್ನಲಿ.

ಅಧಿಕಾರ ಚಲಾಯಿಸಿದರೆ ಕಂಪನಿಗಳು ಮುನಿಸಿಕೊಂಡಾವೆಂಬ ಭಯ ಎಷ್ಟು ಪೊಳ್ಳೆಂಬುದಕ್ಕೆ ಅದೇ ತಿಂಗಳು ಸಾಕ್ಷಿಯೊದಗಿಸಿತು. ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಿಗೆ ಬಳಕೆಯಾಗುತ್ತಿದ್ದ ಬ್ಯಾರಿಸಿಟಿನಿಬ್ ಎಂಬ ಔಷಧದ ಪರವಾನಗಿ ಹಕ್ಕು ಅಮೆರಿಕದ ಎಲೈ ಲಿಲ್ಲಿ ಕಂಪನಿಯ ಕೈಯಲ್ಲಿತ್ತು. ಮೇ ಮೊದಲ ವಾರದಲ್ಲಿ ಹೈದರಾಬಾದಿನ ನ್ಯಾಟ್ಕೊ ಫಾರ್ಮಾ 92ನೇ ಕಲಮಿನಡಿ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಿತು. ಅರ್ಜಿ ವಿಚಾರಣೆಗೂ ಬಾರದಿರುವಾಗಲೇ ಲಿಲ್ಲಿ ಹಲವು ಭಾರತೀಯ ಕಂಪನಿಗಳಿಗೆ ತಾನಾಗಿ ಪರವಾನಗಿ ಕೊಡತೊಡಗಿತು, ಕೊನೆಗೆ ನ್ಯಾಟ್ಕೊಗೂ ಕೊಟ್ಟಿತು, ಅರ್ಜಿ ವಾಪಸಾಯಿತು. ಸ್ವಯಂಪ್ರೇರಿತ ಪರವಾನಗಿ ಎಂದು ಕರೆಯುವ ಔದಾರ್ಯ ಕಡ್ಡಾಯದ ಬೆತ್ತ ಕಣ್ಣಿಗೆ ಬಿದ್ದಾಗ ಎಷ್ಟು ಬೇಗ ಉಕ್ಕುತ್ತದೆಂಬುದನ್ನು ಒಂದು ಖಾಸಗಿ ಅರ್ಜಿ ತೋರಿಸಿಕೊಟ್ಟ ತಿಂಗಳಲ್ಲೇ, ಬೆತ್ತವನ್ನು ಈ ಹಂತದಲ್ಲಿ ಮುಟ್ಟುವುದು ಬೇಡವೆಂದು ಸರ್ಕಾರ ನ್ಯಾಯಾಲಯದಲ್ಲಿ ಬರೆದುಕೊಟ್ಟಿತು. ಎರಡು ತಿಂಗಳ ಬಳಿಕ, ಜುಲೈ 20ರಂದು, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ಅದು ರಾಜ್ಯಸಭೆಗೆ ತಿಳಿಸಿತು. ಅದು ತಾಂತ್ರಿಕವಾಗಿ ಸರಿಯಾದ ಉತ್ತರವಾಗಿದ್ದರೆ ಅದರ ನಾಚಿಕೆಯಲ್ಲಿ ಕರ್ನಾಟಕ ಸರ್ಕಾರಕ್ಕೂ ಪಾಲಿದೆ.

ಜಿನೀವಾದ ಪ್ರಸ್ತಾವವು 2022ರ ಜೂನ್ 17ರ ನಿರ್ಣಯದಲ್ಲಿ ಲಸಿಕೆಯ ಪೇಟೆಂಟುಗಳಿಗಷ್ಟೇ ಸೀಮಿತವಾಗಿ ಸೊರಗಿತು. ಮುಂದೆ 2025ರ ಜುಲೈ 24ರಂದು ಭಾರತ ಬ್ರಿಟನ್ನಿನೊಂದಿಗೆ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದಾಗ, ಅದರ ಬೌದ್ಧಿಕ ಆಸ್ತಿಯ ಅಧ್ಯಾಯದಲ್ಲಿ, ಔಷಧಗಳು ಜನರಿಗೆ ದೊರಕುವಂತೆ ಮಾಡಲು ಸ್ವಯಂಪ್ರೇರಿತ ಪರವಾನಗಿಯಂತಹ ಕ್ರಮಗಳೇ ಮೇಲಾದ ಹಾಗೂ ಅತ್ಯುತ್ತಮ ಮಾರ್ಗವೆಂದು ಎರಡೂ ದೇಶಗಳು ಒಪ್ಪಿಕೊಂಡವು. ಸಡಿಲಿಕೆಯನ್ನು ಅಂದು ವಿರೋಧಿಸಿದ ದೇಶದ ನಿಲುವು ಈಗ ಭಾರತದ ಸಹಿಯೊಂದಿಗೆ ಬಂದಿದೆ. ಸ್ಕಾಚ್ ವಿಸ್ಕಿಯ ಸುಂಕ ಎಷ್ಟು ಇಳಿಯಿತು, ಜವಳಿ ರಫ್ತಿಗೆ ಏನು ಸಿಕ್ಕಿತು ಎಂಬ ಚರ್ಚೆ ಪತ್ರಿಕೆಗಳಲ್ಲಿ ಧಾರಾಳವಾಗಿ ನಡೆಯಿತಾದರೂ ಈ ಸಾಲಿನ ಬಗ್ಗೆ ತಜ್ಞರ ವಲಯದಾಚೆ ಸದ್ದಾಗಲಿಲ್ಲ.

ಸದ್ದಾಗದಿರಲು ವ್ಯವಸ್ಥೆಯ ರಚನೆಯೇ ಕಾರಣ. ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಅದಕ್ಕೆ ಸಂಸತ್ತಿನ ಅನುಮೋದನೆಯೂ ಕಡ್ಡಾಯವಲ್ಲ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಔಷಧ ಕೊಳ್ಳಬೇಕಾದ ರಾಜ್ಯಕ್ಕೆ ಔಷಧದ ಬೆಲೆ ನಿರ್ಧರಿಸುವ ಮಾತುಕತೆಯಲ್ಲಿ ಮಣೆಯಿಲ್ಲ, ಕರಡು ಸಹ ಕಣ್ಣಿಗೆ ಬೀಳುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯ ದೊಡ್ಡ ರಥೋತ್ಸವದಲ್ಲಿ ಮುಕ್ತಿ ಬಾವುಟದ ಹರಾಜು ಕೂಗುವಾಗ ಯಾರು ಎಷ್ಟು ಲಕ್ಷಕ್ಕೆ ಏರಿಸಿದರೆಂಬುದು ನೆರೆದವರಿಗೆಲ್ಲ ಕೇಳಿಸುತ್ತದೆ; ದೇಶದ ಔಷಧ ನೀತಿಯನ್ನು ಯಾವ ರಿಯಾಯಿತಿಗೆ ಪ್ರತಿಯಾಗಿ ಬಿಟ್ಟುಕೊಡಲಾಯಿತೆಂಬುದು ಸಹಿಯಾದ ಮೇಲೂ ತಿಳಿಯುವುದಿಲ್ಲ. ಇದೇ ನಾಯಕನಹಟ್ಟಿ ಹೋಬಳಿಯ ಕುದಾಪುರದ ಸುತ್ತ ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಂದಿದೆ, ರಕ್ಷಣೆ ಮತ್ತು ಅಣುಶಕ್ತಿ ಸಂಸ್ಥೆಗಳಿಗೆ ಅದಕ್ಕಿಂತ ಹೆಚ್ಚು. ಸಾರ್ವಜನಿಕ ವಿಜ್ಞಾನಕ್ಕೆ ಕಾವಲನ್ನೇ ತೆತ್ತ ಊರುಗಳು, ಆ ವಿಜ್ಞಾನದ ಫಲದ ಮೇಲೆ ಯಾರಿಗೆ ಹಕ್ಕಿರುತ್ತದೆಂಬ ಮಾತುಕತೆಯಲ್ಲಿ ತಮ್ಮ ಶಾಸಕ, ಸಂಸದರು ಬಾಯಿ ತೆರೆಯಬೇಕೆಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಬ್ರಿಟನ್ ಒಪ್ಪಂದದ ಆ ಸಾಲು ಯಾರನ್ನೂ ಕಟ್ಟಿಹಾಕುವುದಿಲ್ಲ, ಸಾರ್ವಜನಿಕ ಆರೋಗ್ಯ ಕಾಯುವ ಹಕ್ಕನ್ನು ಎತ್ತಿಹಿಡಿದ 2001ರ ದೋಹಾ ಘೋಷಣೆಯನ್ನೂ ಅಲ್ಲಿ ನೆನೆಯಲಾಗಿದೆ, ಕಡ್ಡಾಯ ಪರವಾನಗಿಯ ಅಧಿಕಾರ ಹಾಗೆಯೇ ಉಳಿದಿದೆ ಎಂಬ ಸಮರ್ಥನೆ ಕೇಳಿಬರುತ್ತದೆ. ಕಾನೂನಿನ ಅಕ್ಷರಕ್ಕೆ ಅದು ನಿಜವಿರಬಹುದು. ಕಟ್ಟಿಹಾಕದ ಸಾಲನ್ನು ಬ್ರಿಟನ್ ಅಷ್ಟು ಆಸ್ಥೆಯಿಂದ ಬರೆಸಿಕೊಂಡದ್ದೇಕೆ ಎಂಬ ಪ್ರಶ್ನೆಗೆ ಮಾತ್ರ ವಾಣಿಜ್ಯ ಸಚಿವಾಲಯದ ಬಳಿ ಉತ್ತರವಿಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ನ್ಯಾಟ್ಕೊದಂತಹ ಮತ್ತೊಂದು ಕಂಪನಿ ಅರ್ಜಿ ಹಿಡಿದು ಬಂದಾಗ, ಪೇಟೆಂಟ್ ಹೊಂದಿದವರ ವಕೀಲರು ನ್ಯಾಯಾಲಯದಲ್ಲಿ ಮೊದಲು ಓದುವುದು ಇದೇ ಸಾಲನ್ನು. ಜೊತೆಗೆ 2021ರ ಮೇ 9ರ ಪ್ರಮಾಣಪತ್ರದ ಒಂದು ಪ್ರತಿಯನ್ನೂ ಲಗತ್ತಿಸುತ್ತಾರೆ.