ಮಾಗಿ ಚಳಿ ಯಾರ ಬೆನ್ನಿಗೆ?

ಪಠ್ಯಪುಸ್ತಕದಲ್ಲಿ ಚಳಿಗಾಲ ಬಹಳ ಚೆಂದ. ಇಬ್ಬನಿ, ಎಳೆಬಿಸಿಲು, ಸೊಗಡಿನ ಅವರೆಕಾಯಿ. ಬರೆದವರು ಸುಳ್ಳು ಹೇಳಿಲ್ಲ, ಕಂಬಳಿಯೊಳಗೆ ಕೂತು ಬರೆದಿದ್ದಾರೆ ಅಷ್ಟೆ. ಅದೇ ಹೊತ್ತಿಗೆ ರಾಗಿ ಹೊಲದಲ್ಲಿ ಕುಡುಗೋಲು ಹಿಡಿದು ಬಗ್ಗಿದ ನಮ್ಮ ಅವ್ವಂದಿರ ಸೀರೆ ಮೊಣಕಾಲತನಕ ತೊಯ್ದು ತೊಪ್ಪೆಯಾಗಿರುತ್ತೆ. ಬಿರಿದ ಹಿಮ್ಮಡಿಗೆ ಕೂಳೆ ಚುಚ್ಚಿದರೆ ಪ್ರಾಣ ನೆತ್ತಿಗೇರುತ್ತೆ. ಈ ಚಳಿಯನ್ನ ಯಾವ ಪಾಠದಲ್ಲೂ ನಾವು ಓದಲಿಲ್ಲ.

ಹಾಸ್ಟೆಲಿನ ಗೆಳೆಯರೆ, ಚಳಿಗೂ ಜಾತಿ ಉಂಟೇನ್ರಿ ಅಂತ ನಿಮ್ಮ ಕ್ಲಾಸಿನವರು ನಗಬಹುದು. ನಗಲಿ. ಮಾಗಿ ಎಂದರೆ ಕುಯಿಲು. ಕುಯಿಲು ಎಂದರೆ ಕೂಲಿಯವರ ಮಾತಿಗೆ ಒಂದಿಷ್ಟು ಬೆಲೆ ಬರುವ ಕಾಲ. ಮೋಡ ಕಟ್ಟಿತೋ, ಕೊಯ್ದ ತೆನೆ ಮೊಳೆತು ಹೋಗುತ್ತೆ. ಯಜಮಾನನಿಗೆ ಆಳು ಬೇಕೇ ಬೇಕು. ಇಷ್ಟು ಕೊಟ್ಟರೆ ಬರ್ತೀವಿ, ಇಲ್ಲಾಂದ್ರೆ ಇಲ್ಲ ಅನ್ನುವ ಗಳಿಗೆ ಅದೇ. ಆದರೆ ಹಾಗನ್ನೋಕೆ ಬೆನ್ನ ಹಿಂದೆ ಇನ್ನೊಂದು ಕೆಲಸ ಇರಬೇಕು. ಹಸಿದ ಹೊಟ್ಟೆ ಚೌಕಾಸಿ ಮಾಡಲಾರದು.

2005ರ ಉದ್ಯೋಗ ಖಾತರಿ ಕಾಯ್ದೆ ಕೊಟ್ಟದ್ದು ಆ ಆಸರೆಯನ್ನ. ವರ್ಷಕ್ಕೆ ಮನೆಗೆ 100 ದಿನ. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ. ಕೂಲಿ ತಡವಾಯಿತು, ಸುಳ್ಳು ಹಾಜರಿ ಬಿತ್ತು, ರಾತ್ರೋರಾತ್ರಿ ಜೆಸಿಬಿ ಬಂದು ನಮ್ಮ ಕೆಲಸ ಬಗೆದುಕೊಂಡು ಹೋಯಿತು, ಎಲ್ಲ ನಿಜ. ಆದರೂ ಬೇಡಿ ತಿನ್ನುವ ಕೂಳಲ್ಲ ಅದು, ಕೇಳಿ ಪಡೆಯುವ ಹಕ್ಕು.

ಉರಿದದ್ದು ಅಲ್ಲೇ. ಜನ ಸೋಮಾರಿಗಳಾದ್ರು, ಆಳೇ ಸಿಗ್ತಿಲ್ಲ ಅಂತ ಅರಳಿಕಟ್ಟೆ ಮೇಲೆ ಕೂತು ಗೊಣಗಿದರು (ಕೂತವರು ಯಾರೂ ಬೆಳಗಿಂದ ಕುಡುಗೋಲು ಮುಟ್ಟಿದವರಲ್ಲ). 2025ರ ಡಿಸೆಂಬರಿನಲ್ಲಿ, ಕುಯಿಲಿನ ಕಾಲದಲ್ಲೇ, ಹಳೆ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ಸಂಸತ್ತು ಪಾಸು ಮಾಡಿತು. 100 ದಿನ ಹೋಗಿ 125 ಆಯ್ತು ಎಂದು ಡಂಗುರ ಹೊಡೆದರು. ಡಂಗುರದಲ್ಲಿ ಹೇಳದ ಮಾತು ಕಾಯ್ದೆಯೊಳಗೇ ಇದೆ. ಬಿತ್ತನೆ ಮತ್ತು ಕುಯಿಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಡೆಸಕೂಡದು. ಅಂದರೇನು? ಮಾತಿಗೆ ಬೆಲೆ ಇದ್ದ ದಿನಗಳಲ್ಲೇ ಬಾಯಿ ಕಟ್ಟಿದರು. ಅರಳಿಕಟ್ಟೆಯ ಗೊಣಗಾಟ ದಿಲ್ಲಿಗೆ ಹೋಗಿ ಕಾನೂನಾಗಿ ಊರಿಗೆ ಬಂದಿದೆ.

ಇದನ್ನು ಕೇಳಬೇಕಾದ ಪಂಚಾಯ್ತಿ ಯಾರ ಕೈಲಿದೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಗುಣಗಾನ ಮಾಡುವವರಿಗೆ ಬಾಬಾಸಾಹೇಬರು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟರು. ಸಂವಿಧಾನಕ್ಕೆ ಘಟಕ ಹಳ್ಳಿಯಲ್ಲ, ಮನುಷ್ಯ ಎಂದರು. ಆ ಮಾತಿನ ಅರ್ಥ ಬೇಕಾದವರು 2020ರ ಡಿಸೆಂಬರ್ 22 ಮತ್ತು 27ರ ಗ್ರಾಮ ಪಂಚಾಯ್ತಿ ಚುನಾವಣೆ ನೆನೆಯಲಿ. ಅದೂ ಮಾಗಿಯಲ್ಲೇ ನಡೆದದ್ದು. ಎಷ್ಟೋ ಊರಲ್ಲಿ ಸೀಟನ್ನು ಹರಾಜು ಕೂಗಿದರು. ದುಡ್ಡು ದೇವಸ್ಥಾನಕ್ಕಂತೆ! ಅದಕ್ಕೆ ಅವಿರೋಧ ಆಯ್ಕೆ ಎಂಬ ಮರ್ಯಾದೆಯ ಹೆಸರು. ವಿರೋಧಿಸುವವನನ್ನು ಮನೆಯಿಂದ ಹೊರಗೇ ಬಿಡದೆ ಅವಿರೋಧ ಅನ್ನೋದು ಎಂಥ ಭಾಷೆ? ಇನ್ನು ಮೀಸಲು ಸೀಟು ಬಂದರೆ ತೋಟದ ಆಳನ್ನೇ ಹುಡುಕಿ ನಿಲ್ಲಿಸ್ತಾರೆ. ಸಹಿ ಅವನದು, ಪಂಚಾಯ್ತಿ ಧಣಿಯದು.

ಇದಕ್ಕೆ ಕಾನೂನಿಲ್ಲವೆ? ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿದೆ. ಪರಿಶಿಷ್ಟರನ್ನು ಹೆದರಿಸಿ ನಾಮಪತ್ರ ಹಾಕದಂತೆ ತಡೆಯುವುದು, ಹಾಕಿದ್ದನ್ನು ವಾಪಸು ತೆಗೆಸುವುದು ಅಪರಾಧ. ಗೆದ್ದ ಪರಿಶಿಷ್ಟ ಸದಸ್ಯರನ್ನೋ ಅಧ್ಯಕ್ಷರನ್ನೋ ಕೆಲಸ ಮಾಡಗೊಡದಿರುವುದೂ ಅಪರಾಧ. ಈ ಕಲಮುಗಳು ಊರಿನ ಯಜಮಾನನಿಗೆ ಗೊತ್ತು, ಅವನಿಗೆ ವಕೀಲರಿದ್ದಾರೆ. ನಮ್ಮ ಕೇರಿಗೆ ಗೊತ್ತಿಲ್ಲ. ಓದಿದ ನಾವು ಹಬ್ಬಕ್ಕೆ ಹೋಗಿ ಮೊಬೈಲು ನೋಡ್ತಾ ಮಲಗಿ ಬರ್ತೀವಿ.

ಸಂಕ್ರಾಂತಿ ರಜಕ್ಕೆ ಹೋದಾಗ ಎಳ್ಳುಬೆಲ್ಲ ಆಮೇಲೆ ತಿನ್ನಿ. ಕೆಲಸ ನಿಲ್ಲಿಸುವ ಆ 60 ದಿನ ಯಾವುದು, ಯಾರನ್ನು ಕೇಳಿ ಗೊತ್ತುಮಾಡ್ತಾರೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಆಮೇಲೆ ಅವ್ವನ ಜಾಬ್ ಕಾರ್ಡು ಎಲ್ಲಿದೆ ಅಂತ ಮನೆಯಲ್ಲಿ ಹುಡುಕಿ. ಸಿಗದಿದ್ದರೆ ಕಂಟ್ರಾಕ್ಟರನ ಮನೆಗೆ ಒಬ್ಬರೇ ಹೋಗಬೇಡಿ, ಕೇರಿಯ ಹತ್ತು ಜನ ಸೇರಿ ಹೋಗಿ.