ನಾಳೆ ಬಾ

ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲಿನ ಮೇಲೆ ಸುಣ್ಣದಿಂದಲೋ ಇದ್ದಲಿನಿಂದಲೋ ‘ನಾಳೆ ಬಾ’ ಎಂದು ಬರೆಯುವ ರೂಢಿಯಿತ್ತು. ರಾತ್ರಿಯ ವೇಳೆ ಒಂದು ಹೆಣ್ಣು ದೆವ್ವ ಬಂದು, ಪರಿಚಯದವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆಂದೂ, ಓಗೊಟ್ಟವನು ಉಳಿಯುವುದಿಲ್ಲವೆಂದೂ ಜನ ನಂಬಿದ್ದರು. ಬಾಗಿಲ ಮೇಲಿನ ಬರಹವನ್ನು ಓದಿಕೊಂಡ ದೆವ್ವ ಹಿಂದಿರುಗಿ, ಮರುದಿನ ಬಂದು, ಮತ್ತೆ ಅದನ್ನೇ ಓದಿ, ಮತ್ತೆ ಹಿಂದಿರುಗುತ್ತಿತ್ತಂತೆ. ದೆವ್ವಕ್ಕೆ ಅಕ್ಷರ ಬರುತ್ತಿತ್ತೆಂಬುದೂ, ಬರೆದದ್ದಕ್ಕೆ ಅದು ಬೆಲೆ ಕೊಡುತ್ತಿತ್ತೆಂಬುದೂ ಈ ಕಥೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಅಂಶಗಳು.

ಈ ಕಥೆ ನನಗೆ ಮತ್ತೆ ನೆನಪಾದದ್ದು ನನ್ನ ಅಕ್ಕನ ದೆಸೆಯಿಂದ. ಅಕ್ಕ ಇರುವುದು ಕೆಂಗೇರಿಯಿಂದಾಚೆ ಒಂದು ಹಳ್ಳಿಯಲ್ಲಿ. ನಾನು ಬಸವೇಶ್ವರನಗರದವನು, ಬಹುಕಾಲ ಕನ್ನಡ ಮೇಷ್ಟರಾಗಿದ್ದು ಈಗ ನಿವೃತ್ತನಾಗಿದ್ದೇನೆ. ಭಾವನವರು ತೀರಿಕೊಂಡು ಎರಡು ವರ್ಷವಾಯಿತು. ಅವರು ಉತ್ತು ಬಿತ್ತಿದ ಒಂದು ಎಕರೆ ಚಿಲ್ಲರೆ ಹೊಲ ಈಗಲೂ ಅವರ ತಂದೆಯ ಹೆಸರಿನಲ್ಲಿಯೇ ಇದೆ. ಎಂದರೆ ಪಹಣಿಯ ಒಂಬತ್ತನೆಯ ಕಲಮಿನಲ್ಲಿ ಒಡೆಯನಾಗಿ ಕುಳಿತಿರುವಾತ ಗತಿಸಿ ಸುಮಾರು ಐವತ್ತು ವರ್ಷವಾಗಿದೆ. ನಮ್ಮ ಹಳ್ಳಿಗಳಲ್ಲಿ ಇದೇನೂ ಅಪೂರ್ವವಲ್ಲ. ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಜಮೀನನ್ನು ಬರೆಸಿಕೊಳ್ಳುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಾಗದಿದ್ದರೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟುವುದಿಲ್ಲ, ಬೆಳೆ ಕೆಟ್ಟರೆ ಪರಿಹಾರ ಕೈಸೇರುವುದು ಕಷ್ಟ, ಹೊಲ ನಾಳೆ ರಸ್ತೆಗೋ ಬಡಾವಣೆಗೋ ಹೋದರೆ (ಆ ಸೀಮೆಯಲ್ಲಿ ಯಾವುದು ಯಾವಾಗ ಹೋಗುತ್ತದೆಂದು ಹೇಳಬಲ್ಲವರು ಯಾರು?) ಹಣ ಯಾರ ಪಾಲಿಗೆಂಬ ವ್ಯಾಜ್ಯ ಮಕ್ಕಳ ಕಾಲಕ್ಕೂ ಮುಗಿಯದು.

ಅಕ್ಕ ಕಚೇರಿಗೆ ಹೋದಳು. ಯಾವ ಕಚೇರಿಯೆಂದು ನಾನು ಹೇಳುವುದಿಲ್ಲ. ಹೇಳಿದರೆ ಅದೊಂದು ಮಾತ್ರ ಹೀಗೆ ಎಂದು ಓದುಗರು ತಿಳಿದಾರು. ಮೊದಲನೆಯ ಸಲ ವಂಶವೃಕ್ಷ ಮಾಡಿಸಿಕೊಂಡು ಬರಲು ಹೇಳಿದರು. ಅದನ್ನು ಮಾಡಿಸಿಕೊಂಡು ಹೋದಾಗ ಮಾವನ ಮರಣ ಪ್ರಮಾಣಪತ್ರ ಬೇಕೆಂದರು. ಆ ಕಾಲದಲ್ಲಿ ಹಳ್ಳಿಯಲ್ಲಿ ಸತ್ತವನನ್ನು ಮಣ್ಣು ಮಾಡುತ್ತಿದ್ದರೇ ಹೊರತು ಬರೆಸುತ್ತಿದ್ದವರು ವಿರಳ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ವರ್ಷ ಮೀರಿದ ಸಾವನ್ನು ದಾಖಲೆಗೆ ಸೇರಿಸಬೇಕಾದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕು. ಹಾಗೆಂದು ಆಕೆಗೆ ಯಾರೂ ಬಿಡಿಸಿ ಹೇಳಲಿಲ್ಲ. ಮುಂದೊಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮತ್ತೊಂದು ದಿನ ‘ಸರ್ವರ್ ಇಲ್ಲ ಅಜ್ಜಿ’ ಎಂದರು. ಸರ್ವರ್ ಎಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನೆಂದು ಮಾತ್ರ ಬಲ್ಲ ಅಕ್ಕ, ‘ಆತ ಊಟ ಮಾಡ್ಕೊಂಡು ಬರ್ಲಿ ಬಿಡಪ್ಪ, ನಾನು ಇಲ್ಲೇ ಕುಂತಿರ್ತೀನಿ’ ಎಂದು ಮಧ್ಯಾಹ್ನದವರೆಗೆ ಕುಳಿತಿದ್ದು ಬಂದಳು. ಹೀಗೆ ಏಳು ಸಲ. ಯಾರೂ ಒರಟಾಗಿ ಮಾತನಾಡಲಿಲ್ಲವೆಂಬುದನ್ನು ಹೇಳಲೇಬೇಕು. ‘ನಾಳೆ ಬಾ ಅಜ್ಜಿ’ ಎಂಬ ಏಕವಚನದಲ್ಲಿಯೂ ಅನಾದರವಿರಲಿಲ್ಲ. ಅಜ್ಜಿಯರನ್ನು ನಮ್ಮಲ್ಲಿ ಹಾಗೆಯೇ ಮಾತನಾಡಿಸುವುದು.

ಎಂಟನೆಯ ಸಲ ಹೊರಡುವ ಮುಂಚೆ ನಾನು ಆಕೆಯ ಚೀಲವನ್ನು ತೆಗೆಸಿ ನೋಡಿದೆ. ಕಚೇರಿಗೆ ಹೋದದ್ದಕ್ಕೆ ಸಾಕ್ಷಿಯಾಗಿ ಒಂದು ಚೂರು ಕಾಗದವಿರಲಿಲ್ಲ. ಆದರೆ ಬಸ್ಸಿನ ಟಿಕೀಟುಗಳು ಇದ್ದವು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಷ್ಟೆ. ಆದರೂ ನಿರ್ವಾಹಕ ಶೂನ್ಯ ದರದ ಚೀಟಿಯೊಂದನ್ನು ತಪ್ಪದೆ ಕೈಗಿಡುತ್ತಾನೆ. ಒಂದು ಕಾಸನ್ನೂ ಪಡೆಯದ ಬಸ್ಸು ಆಕೆ ಬಂದಳೆಂದು ಬರೆದುಕೊಟ್ಟಿತ್ತು. ಆಕೆಯ ಹೊಲದ ಲೆಕ್ಕವನ್ನಿಡುವ ಕಚೇರಿ ಏನನ್ನೂ ಬರೆದುಕೊಟ್ಟಿರಲಿಲ್ಲ.

ಕಾನೂನು ಏನು ಹೇಳುತ್ತದೆಂದು ನೋಡಬೇಕೆನಿಸಿ 1964ರ ಕರ್ನಾಟಕ ಭೂಕಂದಾಯ ಕಾಯಿದೆಯನ್ನು ತೆರೆದೆ. ಸಾಹಿತ್ಯದ ವಿದ್ಯಾರ್ಥಿಗೆ ಅದೇನೂ ರಸವತ್ತಾದ ಗ್ರಂಥವಲ್ಲ. ಆದರೆ ಅದರ 128ನೆಯ ಪ್ರಕರಣಕ್ಕೆ ಬಂದಾಗ ನಾನು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಉತ್ತರಾಧಿಕಾರದಿಂದಲೋ ವಿಭಾಗದಿಂದಲೋ ಭೂಮಿಯ ಹಕ್ಕನ್ನು ಪಡೆದವನು ಮೂರು ತಿಂಗಳೊಳಗೆ ಅದನ್ನು ಗ್ರಾಮದ ನಿಯಮಿತ ಅಧಿಕಾರಿಗೆ ತಿಳಿಸಬೇಕು. ಬಾಯಿಮಾತಿನಲ್ಲಿ ತಿಳಿಸಿದರೂ ಸರಿ, ಬರೆದು ತಿಳಿಸಿದರೂ ಸರಿ. ಆ ಅಧಿಕಾರಿಯಾದರೋ ಕೂಡಲೇ ಲಿಖಿತ ಸ್ವೀಕೃತಿಯನ್ನು ಕೊಡಬೇಕು. ಮುಂದಿನ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ವಿಷಯವನ್ನು ಪುಸ್ತಕದಲ್ಲಿ ಬರೆದೊಡನೆ ಅದರ ಪೂರ್ಣ ಪ್ರತಿಯನ್ನು ಚಾವಡಿಯ ಎದ್ದುಕಾಣುವ ಸ್ಥಳದಲ್ಲಿ ಅಂಟಿಸಬೇಕೆನ್ನುತ್ತದೆ. ಮೂರು ತಿಂಗಳನ್ನು ಐವತ್ತು ವರ್ಷವಾಗಿ ಬೆಳೆಸಿದ್ದು ನಮ್ಮ ಮನೆಯವರ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಈ ಕಾಯಿದೆಯನ್ನು ಬರೆದವರ ವಿವೇಕವನ್ನು ನೋಡಿ. ಅಕ್ಷರ ಬಾರದ ರೈತನಿಗೆ ಅವರು ಮಾತನ್ನು ಬಿಟ್ಟುಕೊಟ್ಟರು; ಅಕ್ಷರಬಲ್ಲ ಅಧಿಕಾರಿಗೆ ಬರವಣಿಗೆಯನ್ನು ವಿಧಿಸಿದರು. ನಾವು ಆ ಏರ್ಪಾಡನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಈಗ ರೈತ ಎಲ್ಲವನ್ನೂ ಬರೆದು, ನಕಲು ತೆಗೆಸಿ, ಸಹಿ ಹಾಕಿ ತರಬೇಕು. ಅಧಿಕಾರಿ ಬಾಯಿಮಾತಿನಲ್ಲಿ ಉತ್ತರ ಹೇಳುತ್ತಾನೆ.

ಹೀಗೆಂದಾಗ, ಸಕಾಲ ಕಾಯಿದೆಯಿಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಇದೆ, ಒಳ್ಳೆಯ ಕಾಯಿದೆಯೇ. 2011ರಲ್ಲಿ ಅದನ್ನು ಮಾಡಿ, 2012ರ ಏಪ್ರಿಲಿನಲ್ಲಿ ರಾಜ್ಯದಲ್ಲೆಲ್ಲ ಜಾರಿಗೆ ತಂದರು. ಅರ್ಜಿ ಕೊಟ್ಟವನಿಗೆ ಹದಿನೈದು ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ಗೊತ್ತುಪಡಿಸಿದ ದಿನಗಳೊಳಗೆ ಕೆಲಸವಾಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ. ಆಗದೆಂದರೆ ಕಾರಣವನ್ನು ಬರೆದು ತಿಳಿಸಬೇಕು. ಅದರ ಮೇಲೆ ಮೇಲ್ಮನವಿಗೆ ದಾರಿಯುಂಟು. ಆದರೆ ಈ ಗಡಿಯಾರ ನಡೆಯಲು ಆರಂಭಿಸುವುದು ಅರ್ಜಿ ಸ್ವೀಕಾರವಾದ ಗಳಿಗೆಯಿಂದ. ‘ನಾಳೆ ಬಾ’ ಎನ್ನುವುದು ಅದಕ್ಕಿಂತ ಒಂದು ಗಳಿಗೆ ಮುಂಚೆ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಸಂಖ್ಯೆಯಿಲ್ಲ, ದಿನಗಳ ಲೆಕ್ಕವಿಲ್ಲ, ವಿಳಂಬವಿಲ್ಲ, ತಿರಸ್ಕಾರವೂ ಇಲ್ಲ. ತಿಂಗಳ ಕೊನೆಯ ಪಟ್ಟಿಯಲ್ಲಿ ಕಚೇರಿ ನಿರ್ಮಲವಾಗಿರುತ್ತದೆ. ಏಳು ಸಲ ಹೋದ ಮುದುಕಿ ಆ ಪಟ್ಟಿಯ ಪ್ರಕಾರ ಒಂದು ಸಲವೂ ಹೋಗಿಲ್ಲ.

ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳುವವನು ನಾನಲ್ಲ. ಶಾನುಭೋಗರ ಕೈಬರಹದ ಲೆಕ್ಕದ ಪುಸ್ತಕ ಹಳ್ಳಿಗೆ ಎಷ್ಟು ಭಯ ಹುಟ್ಟಿಸುತ್ತಿತ್ತೆಂಬುದನ್ನು ನಮ್ಮ ತಂದೆಯವರು ಬಲ್ಲರು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯಿದೆ ತೆಗೆದುಹಾಕಿದ್ದು ನ್ಯಾಯವೇ. ಅನಂತರ ಗ್ರಾಮ ಲೆಕ್ಕಿಗರು ಬಂದರು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಹದಿನೈದು ರೂಪಾಯಿ ಕೊಟ್ಟವನಿಗೆ ಪಹಣಿ ನಿಂತ ನಿಲುವಿನಲ್ಲಿ ಕೈಗೆ ಬಂತು. ಆ ಯೋಜನೆಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ಸಣ್ಣ ಏರ್ಪಾಡು: ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಎರಡು ಪರದೆಗಳಿದ್ದವು, ಒಂದು ಗುಮಾಸ್ತನ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಹೊಲದ ವಿಚಾರವಾಗಿ ಏನು ಬರೆಯಲಾಗುತ್ತಿದೆಯೆಂಬುದನ್ನು ರೈತ ತಾನೂ ನೋಡಲೆಂಬ ಉದ್ದೇಶ. ಹಾಗೆ ಯೋಚಿಸಿದವರು ಯಾರೋ ಪುಣ್ಯಾತ್ಮರು.

ಕಿಟಕಿಯ ಒಳಗಿರುವವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನನ್ನ ಹಳೆಯ ಶಿಷ್ಯನೊಬ್ಬ ಬೇರೊಂದು ಜಿಲ್ಲೆಯಲ್ಲಿ ಅಂಥದೇ ಕೆಲಸದಲ್ಲಿದ್ದಾನೆ. ಹಲವು ಊರುಗಳ ಹೊಣೆ ಒಬ್ಬನ ಮೇಲೆ. ಚುನಾವಣೆ ಬಂದರೆ ಅವನೇ, ಬೆಳೆ ಸಮೀಕ್ಷೆಗೂ ಅವನೇ, ನೆರೆ ಬಂದರೂ ಅವನೇ. ‘ಕಾಗದ ಸಾಲದ ಅರ್ಜಿಯನ್ನು ತೆಗೆದುಕೊಂಡು ಆಮೇಲೆ ತಿರಸ್ಕರಿಸುವುದಕ್ಕಿಂತ, ಮೊದಲೇ ಹೇಳಿ ಕಳಿಸುವುದು ದಯೆಯಲ್ಲವೇ ಮೇಷ್ಟ್ರೇ?’ ಎಂದು ಅವನು ನನ್ನನ್ನು ಕೇಳಿದ. ದಯೆಯಿರಬಹುದು. ಆದರೆ ಯಾವ ಕಾಗದ ಸಾಲದೆಂಬುದನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಟ್ಟರೆ ಆ ದಯೆ ಎರಡನೆಯ ಸಲಕ್ಕೇ ಮುಗಿಯುತ್ತಿತ್ತು. ಬರೆಯದೆ ಹೋದದ್ದರಿಂದ ಇಂದು ಒಬ್ಬರು ವಂಶವೃಕ್ಷ ಕೇಳುತ್ತಾರೆ; ನಾಳೆ ಆ ಸ್ಥಳದಲ್ಲಿ ಕುಳಿತ ಇನ್ನೊಬ್ಬರು ಇನ್ನೊಂದನ್ನು ಕೇಳುತ್ತಾರೆ. ಇಬ್ಬರೂ ಸುಳ್ಳು ಹೇಳುವುದಿಲ್ಲ. ಹಿಂಬರಹವೆಂಬ ಸೊಗಸಾದ ಪದವೊಂದು ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಅರ್ಜಿಯ ಬೆನ್ನ ಮೇಲೆ ಬರೆಯುವ ಉತ್ತರವೆಂದು ಅದರ ಅರ್ಥ. ಪದ ಉಳಿದಿದೆ; ಬರೆಯುವ ಕೈ ಹಿಂಜರಿಯುತ್ತದೆ.

ಇದನ್ನೆಲ್ಲ ನಗರದ ಓದುಗರಿಗೆ ಏಕೆ ಹೇಳಬೇಕು? ನಮ್ಮ ವಿಜಯನಗರದಿಂದ ಮೆಟ್ರೋ ಹತ್ತಿದರೆ ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹೆಸರುಗಳು ನಿಲ್ದಾಣಗಳಾಗಿ ಕಾಣಿಸುತ್ತವೆ. ಅವು ಹಳ್ಳಿಗಳಾಗಿದ್ದವು, ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿಗಳೂ ಹಾಗೆಯೇ. ನಾವು ಮನೆ ಕಟ್ಟಿಕೊಂಡಿರುವುದು ಯಾರೋ ಅಕ್ಕತಂಗಿಯರ ಹೊಲಗಳ ಮೇಲೆ. ಕೆಂಗೇರಿ ಪುರಸಭೆ 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. ಆ ಪಾಲಿಕೆ 2025ರಲ್ಲಿ ಐದಾಗಿ ಒಡೆಯಿತು. 2023ರಲ್ಲಿ ಮೆಟ್ರೋ ಚಲ್ಲಘಟ್ಟವನ್ನು ಮುಟ್ಟಿತು. ನಗರ ಹೀಗೆ ಮುಂದೆ ಸಾಗುತ್ತಿರುವಾಗ, ಅದರ ಅಂಚಿನಲ್ಲಿ ಪಹಣಿಯಲ್ಲಿ ಹೆಸರಿಲ್ಲದವರು ಮೊದಲು ನಷ್ಟಪಡುತ್ತಾರೆ.

ಇನ್ನು ಉಪಾಧ್ಯಾಯರಿಗೆ ಒಂದು ಮಾತು. ಇದರಲ್ಲಿ ತಪ್ಪಿತಸ್ಥ ನಾನೇ. ತರಗತಿಯಲ್ಲಿ ಪತ್ರಲೇಖನವೆಂದು ವರ್ಷ ವರ್ಷವೂ ಕಲಿಸಿದೆ. ಊರಿನ ಬೀದಿದೀಪ ಕೆಟ್ಟಿದೆಯೆಂದು ಅಧಿಕಾರಿಗಳಿಗೆ ಬಿನ್ನವಿಸುವ ಪತ್ರ. ‘ಮಾನ್ಯರೇ’ ಎಂದು ಮೊದಲು, ‘ತಮ್ಮ ವಿಧೇಯ’ ಎಂದು ಕೊನೆ. ದಿನಾಂಕ, ಸ್ಥಳ ಸರಿಯಾಗಿದ್ದರೆ ಪೂರ್ಣ ಅಂಕ. ಆ ಪತ್ರಕ್ಕೆ ಉತ್ತರವೊಂದು ಬರಬೇಕೆಂದಾಗಲಿ, ಬಾರದಿದ್ದರೆ ಏನು ಮಾಡಬೇಕೆಂದಾಗಲಿ ಒಂದು ದಿನವೂ ಹೇಳಿಕೊಡಲಿಲ್ಲ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕೆಂಬುದು ಮಕ್ಕಳಿಗೆ ಗೊತ್ತಿಲ್ಲ. ಹಳಗನ್ನಡದ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ಹುಡುಗನ ಕೈಗೆ ಅವನ ತಾತನ ಪಹಣಿಯನ್ನು ಕೊಟ್ಟರೆ ಅವನು ಖರಾಬು, ಆಕಾರ, ಋಣಗಳ ಕಲಮುಗಳ ನಡುವೆ ದಿಕ್ಕೆಟ್ಟು ನಿಲ್ಲುತ್ತಾನೆ. ಅದೂ ಕನ್ನಡವೇ. ವರ್ಷಕ್ಕೆ ಎರಡು ಗಂಟೆ ಸಾಕು; ಪಠ್ಯಪುಸ್ತಕವೂ ಬೇಡ, ಪ್ರತಿ ಮನೆಯಲ್ಲಿಯೂ ಒಂದು ಪಹಣಿಯೋ ಖಾತೆಯ ಕಾಗದವೋ ಇದ್ದೇ ಇರುತ್ತದೆ.

ಎಂಟನೆಯ ಸಲ ನಾನೂ ಅಕ್ಕನ ಜೊತೆಗೆ ಹೋದೆ. ಅರ್ಜಿಯನ್ನು ನನ್ನ ಕೈಯಾರೆ ಬರೆದಿದ್ದೆ. ಕಿಟಕಿಯ ಹುಡುಗ ಓದಿ, ಮಾವನವರ ಮರಣದ ದಾಖಲೆಯಿಲ್ಲದೆ ಇದು ಆಗುವುದಿಲ್ಲವೆಂದ. ಅವನು ಹೇಳಿದ್ದು ನಿಜವೇ. ನಾನು ಕಾಯಿದೆಯ ಪ್ರಕರಣಗಳನ್ನು ನೆನಪು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕ ಮುಂದೆ ಬಾಗಿ, ‘ಆಗಲ್ಲ ಅನ್ನೋದನ್ನೇ ಬರ್ಕೊಡಪ್ಪ. ನಂಗೆ ಓದಕ್ ಬರಲ್ಲ, ನಮ್ಮ ತಮ್ಮ ಮೇಷ್ಟ್ರು, ಓದ್ತಾನೆ’ ಎಂದಳು. ಹುಡುಗ ಆಕೆಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು ಅರ್ಜಿಯನ್ನು ತೆಗೆದುಕೊಂಡು, ಒಂದು ಚೀಟಿಯನ್ನು ಹರಿದು ಕೊಟ್ಟ.

ಖಾತೆ ಇನ್ನೂ ಆಗಿಲ್ಲ. ಮ್ಯಾಜಿಸ್ಟ್ರೇಟರ ಆಜ್ಞೆಗೆ ಬೇರೆ ಅರ್ಜಿ ಹಾಕಿದ್ದೇವೆ. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ, ಚೀಟಿಯಲ್ಲಿ ಏನಿದೆಯೆಂದು ಅಕ್ಕ ಕೇಳಿದಳು. ಹದಿನೈದು ಅಂಕಿಗಳನ್ನೂ ಒಂದೊಂದಾಗಿ ಓದಿ ಹೇಳಿದೆ. ಆಕೆ ಅದನ್ನು ಮಡಿಸಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡಳು.